ಸಿಂಗ್ಯುಲಾರಿಟಿ: ಎಲ್ಲಿದೆ ಅನ್ನೋದಕ್ಕಿಂತ ಯಾವಾಗ ಅನ್ನೋದೇ ಸರಿಯಾದ ಪ್ರಶ್ನೆ

ಉಪನ್ಯಾಸ ಮುಗಿದ ಮೇಲೆ ಕೆಲವರು ಇದನ್ನು ಬರೆದು ಕೊಡಿ ಅಂದರು. ಹಾಗಾಗಿ ಆಡಿದ ಮಾತನ್ನು ಆದಷ್ಟು ಅದೇ ಧಾಟಿಯಲ್ಲಿ ಇಲ್ಲಿ ಇಡುತ್ತಿದ್ದೇನೆ. ಹಲಗೆಯ ಮೇಲೆ ಬರೆದಿದ್ದ ಸಮೀಕರಣಗಳನ್ನು ಬಿಟ್ಟಿದ್ದೇನೆ. ಅವಿಲ್ಲದೆಯೂ ವಿಷಯ ಅರ್ಥವಾಗುತ್ತದೆ.

ಶುರುವಿನಲ್ಲೇ ಸಭೆಗೆ ಒಂದು ಪ್ರಶ್ನೆ ಕೇಳಿದ್ದೆ. ಸಿಂಗ್ಯುಲಾರಿಟಿ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ. ಕಪ್ಪುಕುಳಿಯ ನಟ್ಟನಡುವೆ ಒಂದು ಚುಕ್ಕಿ, ಸತ್ತ ನಕ್ಷತ್ರವೆಲ್ಲ ಅದರೊಳಗೆ ಅಡಕವಾಗಿದೆ, ಅಲ್ಲಿ ಸಾಂದ್ರತೆ ಅನಂತ. ಮಹಾಸ್ಫೋಟಕ್ಕೂ ಅಂಥದ್ದೇ ಚಿತ್ರ. ಖಾಲಿ ಕತ್ತಲಲ್ಲಿ ಒಂದು ಚುಕ್ಕಿ ಇತ್ತು, ಅದು ಸಿಡಿಯಿತು, ಎಲ್ಲವೂ ಹೊರಗೆ ಚೆಲ್ಲಿತು. ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಇದೇ ಚಿತ್ರವನ್ನು ಎಷ್ಟು ಸಲ ನೋಡಿದ್ದೇವೆ ಅಂದರೆ ಅದನ್ನು ಪ್ರಶ್ನಿಸಬೇಕು ಅಂತ ಅನ್ನಿಸುವುದೇ ಇಲ್ಲ. ಆದರೆ ಎರಡೂ ತಪ್ಪು. ಅದನ್ನು ಅಳಿಸಿ, ಆ ಜಾಗದಲ್ಲಿ ಏನನ್ನು ಬರೆಯಬೇಕು ಅಂತ ಹೇಳುವುದೇ ಈ ಮಾತಿನ ಉದ್ದೇಶ.

ಮೊದಲು ಒಂದು ಸುಳ್ಳು ಸಿಂಗ್ಯುಲಾರಿಟಿಯ ಕತೆ. ಐನ್‌ಸ್ಟೈನ್ ತಮ್ಮ ಗುರುತ್ವದ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳನ್ನು ಮುಂದಿಟ್ಟದ್ದು 1915ರ ನವೆಂಬರ್‌ನಲ್ಲಿ. ಕೆಲವೇ ವಾರಗಳಲ್ಲಿ ಕಾರ್ಲ್ ಶ್ವಾರ್ಜ್‌ಶಿಲ್ಡ್ ಅವಕ್ಕೆ ಮೊದಲ ನಿಖರ ಉತ್ತರ ಕಂಡುಹಿಡಿದರು. ಆಗ ಅವರು ಜರ್ಮನ್ ಸೇನೆಯಲ್ಲಿದ್ದರು, ಮಹಾಯುದ್ಧ ನಡೆಯುತ್ತಿತ್ತು. 1916ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಉತ್ತರವನ್ನು ನಾವು ಇವತ್ತು ಬರೆಯುವ ರೂಪದಲ್ಲಿ ನೋಡಿದರೆ ಎರಡು ಕಡೆ ಲೆಕ್ಕ ಕೈಕೊಡುತ್ತದೆ, ಅಂದರೆ ಸೊನ್ನೆಯಿಂದ ಭಾಗಿಸಬೇಕಾಗಿ ಬರುತ್ತದೆ. ಒಂದು, ನಟ್ಟನಡುವೆ. ಇನ್ನೊಂದು, ಅದರಿಂದ ಸ್ವಲ್ಪ ದೂರದಲ್ಲಿ. ಸೂರ್ಯನಷ್ಟು ದ್ರವ್ಯರಾಶಿ ಇದ್ದರೆ ಈ ದೂರ ಸುಮಾರು 3 ಕಿಲೋಮೀಟರ್, ಭೂಮಿಯಷ್ಟಿದ್ದರೆ ಸುಮಾರು 9 ಮಿಲಿಮೀಟರ್.

ಈ ಎರಡನೆಯದು ಬಹಳ ವರ್ಷ ಜನರನ್ನು ಕಾಡಿತು. ಇಂಥದ್ದು ನಿಸರ್ಗದಲ್ಲಿ ಇರಲಾರದು ಎಂದು ವಾದಿಸಿ 1939ರಲ್ಲಿ ಸ್ವತಃ ಐನ್‌ಸ್ಟೈನ್ ಒಂದು ಪ್ರಬಂಧ ಬರೆದರು. ಆದರೆ ಅದಕ್ಕೂ ಆರು ವರ್ಷ ಮೊದಲೇ, 1933ರಲ್ಲಿ, ಬೆಲ್ಜಿಯಂನ ಪಾದ್ರಿ ಹಾಗೂ ವಿಜ್ಞಾನಿ ಜಾರ್ಜ್ ಲಮೆತ್ರ ಇದು ನಿಜವಾದ ತೊಡಕಲ್ಲ ಎಂದು ತೋರಿಸಿದ್ದರು. ಉತ್ತರ ಧ್ರುವವನ್ನು ನೆನೆಸಿಕೊಳ್ಳಿ. ಅಲ್ಲಿ ರೇಖಾಂಶಗಳೆಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತವೆ, ನಿಮ್ಮ ರೇಖಾಂಶ ಎಷ್ಟು ಅಂತ ಕೇಳಿದರೆ ಉತ್ತರವೇ ಇಲ್ಲ. ಹಾಗಂತ ಅಲ್ಲಿ ನೆಲ ಹರಿದಿದೆಯಾ? ಇಲ್ಲ. ನಾವು ಎಳೆದ ಗೆರೆಗಳು ಮಾತ್ರ ಕೆಟ್ಟಿವೆ. ಬೇರೆ ರೀತಿ ಗೆರೆ ಎಳೆದರೆ ಸಮಸ್ಯೆಯೇ ಮಾಯ. ಕಪ್ಪುಕುಳಿಯ ಆ ಗಡಿಯೂ ಹಾಗೇ. ಇವತ್ತು ಅದನ್ನೇ ನಾವು ಹೊರೈಜನ್ ಅನ್ನುತ್ತೇವೆ, ಅಂದರೆ ಒಳಕ್ಕೆ ದಾಟಿದರೆ ಬೆಳಕೂ ಹಿಂದೆ ಬರಲಾಗದ ಗಡಿ. ದಾಟುವವರಿಗೆ ಅಲ್ಲಿ ಗೋಡೆಯಾಗಲಿ ಬಿರುಕಾಗಲಿ ಸಿಗುವುದಿಲ್ಲ.

ಹಾಗಾದರೆ ನಿಜವಾದದ್ದನ್ನು ಗುರುತಿಸುವುದು ಹೇಗೆ? ದೇಶಕಾಲದ, ಅಂದರೆ ಜಾಗ ಮತ್ತು ಕಾಲ ಸೇರಿದ ಹಂದರದ, ವಕ್ರತೆಯನ್ನು ಅಳೆದು ನೋಡಿ ಅನ್ನುವುದು ಮೊದಲು ಹೊಳೆಯುವ ಉಪಾಯ. ಗೆರೆಗಳನ್ನು ಹೇಗೆ ಎಳೆದರೂ ಬದಲಾಗದ ಒಂದು ಸಂಖ್ಯೆ ಇದೆ. ಹೊರೈಜನ್ನಿನಲ್ಲಿ ಅದು ಮಾಮೂಲಿ ಸಂಖ್ಯೆಯಾಗಿಯೇ ಇರುತ್ತದೆ, ನಡುವಿಗೆ ಹೋದಂತೆ ಮಿತಿಯೇ ಇಲ್ಲದೆ ಏರುತ್ತದೆ. ಸರಿ, ಹಾಗಾದರೆ ವಕ್ರತೆ ಅನಂತವಾದರೆ ಅದೇ ಸಿಂಗ್ಯುಲಾರಿಟಿ ಅಂತ ವ್ಯಾಖ್ಯೆ ಕೊಟ್ಟುಬಿಡೋಣ, ಮುಗೀತು, ಅಲ್ವಾ?

ಮುಗಿಯುವುದಿಲ್ಲ. ಒಂದು ಹಾಳೆಯನ್ನು ಸುತ್ತಿ ಶಂಕು ಮಾಡಿ. ಶಂಕುವಿನ ಮೈ ಎಲ್ಲ ಕಡೆ ಚಪ್ಪಟೆಯೇ. ಯಾಕೆಂದರೆ ಅದು ಸುತ್ತಿದ ಹಾಳೆ ತಾನೇ, ಬಿಚ್ಚಿದರೆ ಮತ್ತೆ ಮೇಜಿನ ಮೇಲೆ ಮಲಗುತ್ತದೆ. ಅದರ ಮೇಲೆ ಒಂದು ಇರುವೆ ನೇರವಾಗಿ ತುದಿಯ ಕಡೆಗೆ ನಡೆದುಹೋಗುತ್ತದೆ. ದಾರಿಯುದ್ದಕ್ಕೂ ವಕ್ರತೆ ಸೊನ್ನೆ, ಯಾವ ಎಚ್ಚರಿಕೆಯೂ ಇಲ್ಲ. ತುದಿ ಮುಟ್ಟಿದ ಮೇಲೆ 'ನೇರವಾಗಿ ಮುಂದೆ' ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಯಾವುದೂ ಅನಂತವಾಗಲಿಲ್ಲ, ಆದರೂ ದಾರಿ ಮುಗಿದುಹೋಯಿತು.

ಈ 'ದಾರಿ ಮುಗಿಯುವುದು' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಈಗ ಸ್ವಲ್ಪ ಇತಿಹಾಸ. ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿದರೆ ಏನಾಗುತ್ತದೆ ಎಂದು ಒಪ್ಪನ್‌ಹೈಮರ್ ಮತ್ತು ಸ್ನೈಡರ್ 1939ರಲ್ಲಿ ಲೆಕ್ಕ ಹಾಕಿದರು. ಕುಸಿತ ನಿಲ್ಲುವುದೇ ಇಲ್ಲ ಅಂತ ಬಂತು. ವಿಶ್ವದ ಬಗ್ಗೆ ಫ್ರೀಡ್ಮನ್ 1922ರಲ್ಲೇ ಕಂಡುಹಿಡಿದ ಉತ್ತರಗಳೂ ಹಾಗೇ, ಹಿಂದಕ್ಕೆ ಓಡಿಸಿದರೆ ಎಲ್ಲ ದೂರಗಳೂ ಸೊನ್ನೆಗೆ ಇಳಿಯುತ್ತವೆ. ಆದರೆ ಈ ಲೆಕ್ಕಗಳನ್ನೆಲ್ಲ ಒಂದು ಅನುಮಾನ ಬೆನ್ನಟ್ಟುತ್ತಿತ್ತು, ಅದು ನ್ಯಾಯವಾದ ಅನುಮಾನವೇ. ಇವರು ನಕ್ಷತ್ರವನ್ನು ಒಂದಿಷ್ಟೂ ಸೊಟ್ಟಗಿಲ್ಲದ ಪರಿಪೂರ್ಣ ಗೋಳ ಅಂದುಕೊಂಡಿದ್ದರು. ವಿಶ್ವ ಎಲ್ಲ ಕಡೆ ಒಂದೇ ಸಮ ಅಂದುಕೊಂಡಿದ್ದರು. ಎಲ್ಲ ಕಣಗಳನ್ನೂ ಒಂದೇ ಬಿಂದುವಿಗೆ ಗುರಿಯಿಟ್ಟು ಎಸೆದರೆ ಅವು ಅಲ್ಲಿ ಡಿಕ್ಕಿ ಹೊಡೆಯದೆ ಇನ್ನೇನು ಮಾಡುತ್ತವೆ? ನಿಜ ನಕ್ಷತ್ರ ಸ್ವಲ್ಪ ಸೊಟ್ಟಗಿರುತ್ತದೆ, ಸ್ವಲ್ಪ ತಿರುಗುತ್ತಿರುತ್ತದೆ. ಕಣಗಳು ಒಂದನ್ನೊಂದು ಸವರಿಕೊಂಡು ಆಚೆ ಹೋಗಬಹುದಲ್ಲ? ಸೋವಿಯತ್ ಒಕ್ಕೂಟದ ಲಿಫ್‌ಶಿಟ್ಸ್ ಮತ್ತು ಖಲಾತ್ನಿಕೋವ್ 1963ರಲ್ಲಿ ಹೇಳಿದ್ದು ಇದನ್ನೇ. ಸಾಮಾನ್ಯ ಸಂದರ್ಭದಲ್ಲಿ ಸಿಂಗ್ಯುಲಾರಿಟಿ ಬರುವುದಿಲ್ಲ ಅಂದರು. ಮುಂದೆ ಅವರೇ ತಮ್ಮ ಮಾತನ್ನು ಹಿಂದಕ್ಕೆ ಪಡೆದರು.

ಈ ಅನುಮಾನಕ್ಕೆ ಉತ್ತರದ ಬೀಜ ಬಿತ್ತಿದವರು ಕೋಲ್ಕತ್ತದಲ್ಲಿ ಕೆಲಸ ಮಾಡುತ್ತಿದ್ದ ಅಮಲ್ ಕುಮಾರ್ ರಾಯಚೌಧರಿ. 1955ರಲ್ಲಿ ಬಂದ ಅವರ ಪ್ರಬಂಧದಲ್ಲಿ ಒಂದು ಸಮೀಕರಣ ಇದೆ. ಅಕ್ಕಪಕ್ಕದ ದಾರಿಗಳಲ್ಲಿ ಬೀಳುತ್ತಿರುವ ಕಣಗಳ ಒಂದು ಗೊಂಚಲನ್ನು ತೆಗೆದುಕೊಳ್ಳಿ, ಅದು ಹಿಗ್ಗುತ್ತದೋ ಕುಗ್ಗುತ್ತದೋ ಅನ್ನುವುದನ್ನು ಅದು ಹೇಳುತ್ತದೆ. ಗೊಂಚಲೊಳಗಿನ ದ್ರವ್ಯ ಅದನ್ನು ಕುಗ್ಗಿಸುತ್ತದೆ. ಗೊಂಚಲು ಸೊಟ್ಟಗಾದರೆ, ಒಂದು ಕಡೆ ಎಳೆದು ಇನ್ನೊಂದು ಕಡೆ ಹಿಂಡಿದಂತಾದರೆ, ಕುಗ್ಗುವುದು ಕಡಿಮೆಯಾಗುವ ಬದಲು ಇನ್ನೂ ಜಾಸ್ತಿಯಾಗುತ್ತದೆ! ಸೊಟ್ಟತನ ನಮ್ಮನ್ನು ಕಾಪಾಡುತ್ತದೆ ಅಂದುಕೊಂಡಿದ್ದೆವು, ಅದು ಎದುರಾಳಿಯ ಕಡೆ ಸೇರಿಕೊಂಡಿತು. ತಿರುಗುವಿಕೆ ಮಾತ್ರ ಎದುರು ನಿಲ್ಲುತ್ತದೆ. ಈ ಸಮೀಕರಣ ಕೆಲವೇ ಸಾಲುಗಳದ್ದು. ಇದರ ಮುಂದೆ ಕೂತಾಗಲೆಲ್ಲ ನನಗೆ ಇಷ್ಟು ಚಿಕ್ಕದರಲ್ಲಿ ಇಷ್ಟು ದೊಡ್ಡ ಮಾತು ಹೇಗೆ ಹಿಡಿಸಿತು ಅಂತ ಆಶ್ಚರ್ಯವಾಗುತ್ತದೆ.

ರೋಜರ್ ಪೆನ್‌ರೋಸ್ ಇದೇ ಯೋಚನೆಯನ್ನು ಬೆಳಕಿನ ಕಿರಣಗಳಿಗೆ ಅನ್ವಯಿಸಿದರು. 1964ರಲ್ಲಿ ಲಂಡನ್ನಿನಲ್ಲಿ ಗೆಳೆಯನ ಜೊತೆ ಮಾತಾಡುತ್ತಾ ರಸ್ತೆ ದಾಟುವಾಗ, ಮಾತು ನಿಂತ ಆ ಗಳಿಗೆಯಲ್ಲಿ, ಅವರಿಗೆ ಮುಖ್ಯ ಹೊಳಹು ಬಂತಂತೆ. ದಾಟಿದ ಮೇಲೆ ಮಾತು ಮುಂದುವರಿದು ಅದು ಮರೆತೇಹೋಯಿತು. ಆಮೇಲೆ, ಇವತ್ತು ಯಾಕೆ ಮನಸ್ಸು ಇಷ್ಟು ಖುಷಿಯಾಗಿದೆ ಅಂತ ಹಿಂದಕ್ಕೆ ಹುಡುಕುತ್ತಾ ಹೋಗಿ ಅದನ್ನು ಮತ್ತೆ ಹಿಡಿದರು. ಹೊಳಹು ಇಷ್ಟು. ಒಂದು ಗೋಳದ ಮೇಲ್ಮೈಯಿಂದ ಒಂದೇ ಕ್ಷಣಕ್ಕೆ ಬೆಳಕು ಹೊಮ್ಮಿತು ಅಂದುಕೊಳ್ಳಿ. ಒಳಕ್ಕೆ ಹೋಗುವ ಬೆಳಕಿನ ಗೋಳ ಕುಗ್ಗುತ್ತದೆ, ಹೊರಕ್ಕೆ ಹೋಗುವುದು ಹಿಗ್ಗುತ್ತದೆ. ಇದು ಸಹಜ. ಗುರುತ್ವ ವಿಪರೀತ ಆದಾಗ ಹೊರಕ್ಕೆ ಬಿಟ್ಟ ಬೆಳಕಿನ ಗೋಳವೂ ಕುಗ್ಗಲು ಶುರುವಾಗುತ್ತದೆ. ಅಂಥ ಮೇಲ್ಮೈ ಒಂದು ಸಲ ಉಂಟಾಯಿತು ಅಂದರೆ ಸಾಕು. ನಕ್ಷತ್ರ ಗೋಳವಾಗಿರಲಿ, ಸೊಟ್ಟಗಿರಲಿ, ತಿರುಗುತ್ತಿರಲಿ, ಗುರುತ್ವ ಬೆಳಕನ್ನು ಚದುರಿಸದೆ ಒಟ್ಟು ಮಾಡುವ ಗುಣವುಳ್ಳದ್ದಾಗಿದ್ದರೆ, ಯಾವುದೋ ಒಂದು ಬೆಳಕಿನ ಕಿರಣದ ದಾರಿ ಮುಗಿದೇ ಮುಗಿಯುತ್ತದೆ. 1965ರಲ್ಲಿ ಮೂರು ಪುಟಗಳಷ್ಟು ಚಿಕ್ಕ ಪ್ರಬಂಧವಾಗಿ ಬಂತು. 2020ರ ನೊಬೆಲ್ ಬಹುಮಾನದ ಅರ್ಧ ಭಾಗ ಇದಕ್ಕೇ ಸಿಕ್ಕಿತು.

ಪೆನ್‌ರೋಸ್ ಪ್ರಮೇಯ ಏನನ್ನು ಹೇಳುವುದಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ಅದು ಸಾಂದ್ರತೆ ಅನಂತ ಅನ್ನುವುದಿಲ್ಲ. ವಕ್ರತೆ ಅನಂತ ಅಂತಲೂ ಅನ್ನುವುದಿಲ್ಲ. ನಡುವೆ ಚುಕ್ಕಿ ಇದೆ ಅನ್ನುವ ಮಾತಂತೂ ಅದರಲ್ಲಿ ಇಲ್ಲವೇ ಇಲ್ಲ. ದಾರಿ ಮುಗಿಯುತ್ತದೆ, ಅಷ್ಟೇ. ಬೀಳುವವರ ಲೆಕ್ಕದಲ್ಲಿ ಹೇಳುವುದಾದರೆ, ಕೈಗಡಿಯಾರ ಒಂದಿಷ್ಟು ಹೊತ್ತು ಓಡುತ್ತದೆ, ಆಮೇಲೆ ಮುಂದಿನ ಟಿಕ್ ಎಲ್ಲಿ ಅಂತ ಕೇಳಿದರೆ ಸಿದ್ಧಾಂತದ ಬಳಿ ಉತ್ತರ ಇಲ್ಲ. ಸಿಂಗ್ಯುಲಾರಿಟಿ ಅನ್ನುವ ಪದಕ್ಕೆ ಭೌತವಿಜ್ಞಾನಿಗಳು ಇವತ್ತು ಕೊಡುವ ಅರ್ಥ ಮೂಲದಲ್ಲಿ ಇದೇ. ಇದು ಸಾಕಾಗುತ್ತದಾ ಅನ್ನುವ ಬಗ್ಗೆ ಜಗಳ ಇನ್ನೂ ಇದೆ. ತಿರುಗುವ ಕಪ್ಪುಕುಳಿಯ ಉತ್ತರವನ್ನು 1963ರಲ್ಲಿ ಕಂಡುಹಿಡಿದ ರಾಯ್ ಕೆರ್, 2023ರಲ್ಲಿ ಮತ್ತೆ ಒಂದು ಪ್ರಬಂಧ ಬರೆದು, ಬೆಳಕಿನ ದಾರಿ ಹೀಗೆ ಮುಗಿದ ಮಾತ್ರಕ್ಕೆ ಅಲ್ಲಿ ಸಿಂಗ್ಯುಲಾರಿಟಿ ಇರಲೇಬೇಕಾಗಿಲ್ಲ ಎಂದು ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ.

ಈಗ ಶೀರ್ಷಿಕೆಗೆ ಬರುತ್ತೇನೆ. ತಿರುಗದ, ಸರಳವಾದ ಕಪ್ಪುಕುಳಿಯನ್ನೇ ನೋಡೋಣ. ಹೊರೈಜನ್ ದಾಟಿದ ಮೇಲೆ ಒಂದು ವಿಚಿತ್ರ ಅದಲುಬದಲು ಆಗುತ್ತದೆ. ಹೊರಗೆ 'ನಡುವಿನಿಂದ ಎಷ್ಟು ದೂರ' ಅನ್ನುವುದು ಒಂದು ಜಾಗದ ಮಾತು. ಹತ್ತಿರ ಹೋಗಬಹುದು, ಮನಸ್ಸು ಬದಲಾದರೆ ಹಿಂದೆ ಬರಬಹುದು. ಒಳಗೆ ಅದೇ ಅಳತೆ ಕಾಲದ ಹಾಗೆ ವರ್ತಿಸುತ್ತದೆ. ದೂರ ಕಡಿಮೆಯಾಗುತ್ತಲೇ ಹೋಗಬೇಕು, ನಾಳೆ ಬರುವುದನ್ನು ಹೇಗೆ ತಪ್ಪಿಸಲಾಗದೋ ಹಾಗೆ. ಅಂದರೆ ಸಿಂಗ್ಯುಲಾರಿಟಿ ನಿಮ್ಮ ಎಡಕ್ಕೋ ಬಲಕ್ಕೋ ಕೆಳಕ್ಕೋ ಇರುವುದಿಲ್ಲ. ಅದು ನಿಮ್ಮ ಮುಂದಿನ ಕಾಲದಲ್ಲಿದೆ. ಅದೊಂದು ಕ್ಷಣ. ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳೋಣ ಅಂದರೆ ಆಗುವುದಿಲ್ಲ, ಯಾಕೆಂದರೆ ಕ್ಷಣಕ್ಕೆ ಪಕ್ಕ ಅನ್ನುವುದೇ ಇಲ್ಲ.

ಎಷ್ಟು ಹೊತ್ತು ಸಿಗುತ್ತದೆ? ಲೆಕ್ಕ ಸುಲಭ. ಸೂರ್ಯನಷ್ಟು ತೂಕದ ಕುಳಿಯಾದರೆ ಹೊರೈಜನ್ನಿನಿಂದ ಕೊನೆಯವರೆಗೆ ಹೆಚ್ಚೆಂದರೆ ಸುಮಾರು 15 ಮೈಕ್ರೋಸೆಕೆಂಡು. ಕುಳಿ ಎಷ್ಟು ಪಟ್ಟು ದೊಡ್ಡದೋ ಹೊತ್ತೂ ಅಷ್ಟೇ ಪಟ್ಟು ಜಾಸ್ತಿ. ನಮ್ಮ ಹಾಲುಹಾದಿಯ ನಡುವಿನ ಕುಳಿ ಸುಮಾರು 43 ಲಕ್ಷ ಸೂರ್ಯರಷ್ಟಿದೆ, ಅಲ್ಲಿ ಒಂದು ನಿಮಿಷಕ್ಕಿಂತ ತುಸು ಜಾಸ್ತಿ. 2019ರ ಏಪ್ರಿಲ್‌ನಲ್ಲಿ ಮೊದಲ ಸಲ ಚಿತ್ರ ಬಂತಲ್ಲ, ಎಂ87 ಗೆಲಾಕ್ಸಿಯ ಕುಳಿ, ಅದು ಸುಮಾರು 650 ಕೋಟಿ ಸೂರ್ಯರಷ್ಟು. ಅಲ್ಲಿ ಒಂದು ದಿನ ದಾಟುತ್ತದೆ, ಸುಮಾರು 28 ಗಂಟೆ. ಎಂಜಿನ್ ಹಾಕಿಕೊಂಡು ಎಷ್ಟು ಒದ್ದಾಡಿದರೂ ಈ ಮಿತಿ ದಾಟಲು ಆಗುವುದಿಲ್ಲ. ಇವು ತಿರುಗದ ಕುಳಿಯ ಅಂಕಿಗಳು. ನಿಜವಾದ ಕುಳಿಗಳು ತಿರುಗುತ್ತವೆ, ಅವುಗಳ ಒಳಭಾಗದ ಲೆಕ್ಕ ತುಂಬಾ ಜಟಿಲ, ಅದಕ್ಕೆ ಈಗ ಹೋಗುವುದಿಲ್ಲ.

ಹೊರಗಿರುವ ನಮಗೆ ಇದರಲ್ಲಿ ಏನೂ ಕಾಣುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕಪ್ಪುಕುಳಿಯನ್ನು ಕೆಣಕಿದರೆ ಅದು ಗಂಟೆಯಂತೆ ಒಂದಿಷ್ಟು ಮಿಡಿದು ಶಾಂತವಾಗುತ್ತದೆ ಎಂದು 1970ರಲ್ಲಿ ತೋರಿಸಿದವರು ಸಿ.ವಿ. ವಿಶ್ವೇಶ್ವರ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಗುರುತ್ವದ ಅಲೆಯ, ಅಂದರೆ ದೇಶಕಾಲದಲ್ಲೇ ಏಳುವ ಕಂಪನದ, ಕೊನೆಯಲ್ಲಿ ಅಂಥದ್ದೇ ಮಿಡಿತ ಇತ್ತು. ಆ ಮಿಡಿತವೆಲ್ಲ ಹೊರೈಜನ್ನಿನ ಹೊರಗಿನದು. ಒಳಗೆ ದಾರಿ ಮುಗಿದಿದೆಯೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ. ಇದು ಯಾವಾಗಲೂ ಹೀಗೇನಾ, ಪ್ರತಿ ಸಿಂಗ್ಯುಲಾರಿಟಿಯೂ ಹೊರೈಜನ್ನಿನ ಹಿಂದೆ ಅಡಗಿರುತ್ತದಾ? ಹೌದು ಅಂತ 1969ರಲ್ಲಿ ಪೆನ್‌ರೋಸ್ ಊಹಿಸಿದರು. ಸಾಬೀತು ಮಾಡಲು ಇವತ್ತಿಗೂ ಯಾರಿಗೂ ಆಗಿಲ್ಲ. ಪಂಕಜ್ ಜೋಶಿ ಮತ್ತು ಸಂಗಡಿಗರು ಧೂಳಿನ ಮೋಡ ಕುಸಿಯುವ ಕೆಲವು ಸಂದರ್ಭಗಳಲ್ಲಿ ಅಡಗದೆ ಉಳಿಯುವ ಉದಾಹರಣೆಗಳನ್ನು ಲೆಕ್ಕದಲ್ಲಿ ತೋರಿಸಿದ್ದಾರೆ.

ಇನ್ನು ಮಹಾಸ್ಫೋಟ. ಪೆನ್‌ರೋಸ್ ವಾದವನ್ನು ಕಾಲದಲ್ಲಿ ತಿರುಗಿಸಿ, ಇಡೀ ವಿಶ್ವಕ್ಕೆ ಹೊಂದಿಸಿದವರು ಸ್ಟೀಫನ್ ಹಾಕಿಂಗ್. ಅವರ 1966ರ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಅದೇ. 1970ರಲ್ಲಿ ಇಬ್ಬರೂ ಸೇರಿ ಇನ್ನೂ ವ್ಯಾಪಕವಾದ ಪ್ರಮೇಯ ಕೊಟ್ಟರು. ಇಲ್ಲಿಯೂ 'ಎಲ್ಲಿ' ಅನ್ನುವ ಪ್ರಶ್ನೆ ದಾರಿ ತಪ್ಪಿಸುತ್ತದೆ. ಮಹಾಸ್ಫೋಟ ಯಾವುದೋ ಒಂದು ಜಾಗದಲ್ಲಿ ಆಗಲಿಲ್ಲ. ನೀವು ಕೂತಿರುವ ಜಾಗದಲ್ಲೂ ಆಯಿತು, ದೂರದ ಗೆಲಾಕ್ಸಿಯಲ್ಲೂ ಆಯಿತು. ಸುಮಾರು 1380 ಕೋಟಿ ವರ್ಷಗಳ ಹಿಂದೆ, ಎಲ್ಲ ದಾರಿಗಳೂ ಶುರುವಾಗುವ ಒಂದು ಕ್ಷಣ. ವಿಶ್ವ ಅನಂತವಾಗಿ ಹರಡಿಕೊಂಡಿದ್ದರೆ, ಆ ಶುರುವಿನ ಸ್ವಲ್ಪ ಹೊತ್ತಿನ ಮೇಲೂ ಅದು ಅನಂತವಾಗಿಯೇ ಹರಡಿಕೊಂಡಿತ್ತು, ಆದರೆ ಭಯಂಕರ ಒತ್ತಾಗಿ, ಬಿಸಿಯಾಗಿ. ಚುಕ್ಕಿ ಎಲ್ಲಿಂದ ಬಂತು ಹೇಳಿ? ಇವತ್ತು ನಾವು ನೋಡಬಲ್ಲ ಭಾಗ ಆಗ ಚಿಕ್ಕದಾಗಿತ್ತು ಅನ್ನುವುದು ನಿಜ. ಅದನ್ನೇ ಇಡೀ ವಿಶ್ವ ಅಂದುಕೊಂಡು ಚುಕ್ಕಿ ಬರೆದುಬಿಟ್ಟಿದ್ದೇವೆ.

ಒಂದು ಎಚ್ಚರಿಕೆ. ಹಾಕಿಂಗ್ ಅವರ ಪ್ರಮೇಯಗಳು ಗುರುತ್ವ ಎಳೆಯುತ್ತದೆ, ತಳ್ಳುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಿಂತಿವೆ. ವಿಶ್ವ ಶುರುವಿನಲ್ಲಿ ದಿಢೀರ್ ಉಬ್ಬಿತು ಅನ್ನುವ ಇನ್‌ಫ್ಲೇಷನ್ ಸಿದ್ಧಾಂತ ನಿಜವಾದರೆ, ಆಗ ಗುರುತ್ವ ತಳ್ಳುತ್ತಿತ್ತು. ಅಲ್ಲಿಗೆ ಹಳೆಯ ಪ್ರಮೇಯ ಅನ್ವಯಿಸುವುದಿಲ್ಲ. 2003ರಲ್ಲಿ ಬೋರ್ಡೆ, ಗೂತ್, ವಿಲೆಂಕಿನ್ ಮೂವರು ಆ ನಂಬಿಕೆ ಇಲ್ಲದೆಯೇ ಒಂದು ಫಲಿತಾಂಶ ಕೊಟ್ಟರು. ಸರಾಸರಿಯಲ್ಲಿ ಹಿಗ್ಗುತ್ತಲೇ ಬಂದಿರುವ ವಿಶ್ವದ ದಾರಿಗಳನ್ನು ಹಿಂದಕ್ಕೆ ಅನಂತವಾಗಿ ಎಳೆಯಲು ಆಗದು. ಮತ್ತೆ ನೋಡಿ, ಅನಂತ ಸಾಂದ್ರತೆಯ ಮಾತೇ ಇಲ್ಲ. ದಾರಿಯ ಮಾತು ಮಾತ್ರ.

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಆಳವಾದದ್ದು ಅನ್ನಿಸುವುದು ಇನ್ನೊಂದು. ಎರಡೂ ಕಡೆ ದಾರಿ ಮುಗಿಯುತ್ತದೆ ಅಂತ ಎರಡೂ ಒಂದೇ ಅಲ್ಲ. ಮಹಾಸ್ಫೋಟದ ಬೆಳಕು 3,80,000 ವರ್ಷಗಳ ವಯಸ್ಸಿನ ವಿಶ್ವದಿಂದ ಹೊರಟು ಇವತ್ತಿಗೂ ನಮ್ಮನ್ನು ಮುಟ್ಟುತ್ತಿದೆ. ಆಕಾಶದ ಯಾವ ಕಡೆ ನೋಡಿದರೂ ಅದರ ತಾಪಮಾನ ಒಂದೇ, ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲಿನಷ್ಟು. ಅಂದರೆ ಶುರು ತುಂಬಾ ನಯವಾಗಿತ್ತು. ಕುಸಿಯುವ ನಕ್ಷತ್ರದ ಒಳಗಿನ ಕೊನೆ ಇದಕ್ಕೆ ಪೂರ್ತಿ ಉಲ್ಟಾ. ಮಿಸ್ನರ್ ಮತ್ತು ಸೋವಿಯತ್ ವಿಜ್ಞಾನಿಗಳು 1970ರ ಆಸುಪಾಸಿನಲ್ಲಿ ಕಂಡುಕೊಂಡಂತೆ, ಅಂಥ ಕೊನೆಯ ಹತ್ತಿರ ದೇಶಕಾಲ ಒಂದು ದಿಕ್ಕಿಗೆ ಎಳೆಯುತ್ತದೆ, ಇನ್ನೊಂದು ದಿಕ್ಕಿಗೆ ಹಿಂಡುತ್ತದೆ, ಮರುಗಳಿಗೆ ದಿಕ್ಕು ಬದಲಿಸುತ್ತದೆ, ಹಿಟ್ಟು ನಾದಿದ ಹಾಗೆ, ಕ್ರಮವೇ ಇಲ್ಲದೆ. ಸಮೀಕರಣಗಳಿಗೆ ಹಿಂದೆ ಮುಂದೆ ಅನ್ನುವ ಭೇದ ಇಲ್ಲ. ವಿಶ್ವದ ಶುರುವೂ ಹಾಗೇ ಗಜಿಬಿಜಿಯಾಗಿ ಇರಬಹುದಿತ್ತು. ಯಾಕೆ ಇರಲಿಲ್ಲ? ಇಷ್ಟು ನಯವಾದ ಶುರು ಆಕಸ್ಮಿಕವಾಗಿ ಸಿಗುವ ಸಾಧ್ಯತೆ ಎಷ್ಟು ಅಂತ ಪೆನ್‌ರೋಸ್ ಅಂದಾಜು ಮಾಡಿದರು. 1ರ ಮುಂದೆ 10ರ 123ನೇ ಘಾತದಷ್ಟು ಸೊನ್ನೆಗಳಿರುವ ಸಂಖ್ಯೆಯಲ್ಲಿ ಒಂದು ಪಾಲು. ಒಂದೊಂದು ಕಣದ ಮೇಲೆ ಒಂದೊಂದು ಸೊನ್ನೆ ಬರೆದರೂ ಕಾಣುವ ವಿಶ್ವದ ಕಣಗಳು ಸಾಲುವುದಿಲ್ಲ. ಮೊಟ್ಟೆ ಒಡೆದರೆ ಮತ್ತೆ ಕೂಡುವುದಿಲ್ಲ, ನಿನ್ನೆ ನೆನಪಿರುತ್ತದೆ ನಾಳೆ ನೆನಪಿರುವುದಿಲ್ಲ. ಕಾಲಕ್ಕೆ ಹೀಗೊಂದು ದಿಕ್ಕು ಇರುವುದರ ಗುಟ್ಟು ಆ ನಯವಾದ ಶುರುವಿನಲ್ಲಿದೆ. ಸಿಂಗ್ಯುಲಾರಿಟಿಗಳ ಬಗ್ಗೆ ಏನಾದರೂ ಒಂದೇ ಪ್ರಶ್ನೆಗೆ ಉತ್ತರ ಕೇಳುವ ಅವಕಾಶ ಸಿಕ್ಕರೆ ನಾನು ಕೇಳುವುದು ಇದನ್ನೇ.

ದಾರಿ ನಿಜವಾಗಿಯೂ ಮುಗಿಯುತ್ತದಾ, ಅಥವಾ ನಮ್ಮ ನಕ್ಷೆ ಮುಗಿಯುತ್ತದಾ? ನಲ್ಲಿಯಿಂದ ತೊಟ್ಟಿಕ್ಕುವ ಹನಿಯನ್ನು ನೋಡಿ. ಹನಿ ಕಳಚುವ ಮುಂಚೆ ಅದರ ಕತ್ತು ತೆಳ್ಳಗಾಗುತ್ತಾ ಹೋಗುತ್ತದೆ. ನೀರನ್ನು ಒಂದೇ ಅಖಂಡ ದ್ರವ ಅಂದುಕೊಂಡ ಸಮೀಕರಣಗಳ ಪ್ರಕಾರ ಕತ್ತಿನ ದಪ್ಪ ಸೊನ್ನೆಯಾಗುವ ಕ್ಷಣ ಬಂದೇ ಬರುತ್ತದೆ, ಅದರಾಚೆ ಸಮೀಕರಣ ಓಡುವುದಿಲ್ಲ. ಆದರೆ ಹನಿ ಬೀಳುತ್ತದೆ, ಇನ್ನೊಂದು ಹನಿ ಕೂಡುತ್ತದೆ. ಕತ್ತಿನಲ್ಲಿ ಕೆಲವೇ ಅಣುಗಳು ಉಳಿದಾಗ 'ಅಖಂಡ ದ್ರವ' ಅನ್ನುವ ಕಲ್ಪನೆ ಸುಳ್ಳಾಗಿರುತ್ತದೆ ಅಷ್ಟೇ. ಪರಮಾಣುವಿನ ಕತೆಯೂ ಇಂಥದ್ದೇ. ಹಳೆಯ ಭೌತವಿಜ್ಞಾನದ ಪ್ರಕಾರ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಒಂದು ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಒಳಗೆ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ. ಅದು ಯಾಕೆ ಬೀಳುವುದಿಲ್ಲ ಎಂದು ಹೇಳಲು ಕ್ವಾಂಟಂ ಸಿದ್ಧಾಂತವೇ ಬೇಕಾಯಿತು.

ಗುರುತ್ವಕ್ಕೂ ಹಾಗೇ ಆಗಬಹುದು ಅನ್ನುವುದು ನನ್ನನ್ನೂ ಸೇರಿಸಿ ಬಹಳ ಜನರ ನಂಬಿಕೆ. ಎಲ್ಲಿ ಆಗಬೇಕು ಅಂತ ಲೆಕ್ಕ ಹಾಕಿದರೆ ಒಂದು ಚೆಂದದ ಸಂಗತಿ ಸಿಗುತ್ತದೆ. ಸೂರ್ಯನಷ್ಟು ತೂಕದ ಕುಳಿಯೊಳಗೆ ಬೀಳುವಾಗ, ದೂರ 10ರ ಮೈನಸ್ 22ನೇ ಘಾತದಷ್ಟು ಮೀಟರಿಗೆ ಇಳಿದಾಗ ವಕ್ರತೆ ಕ್ವಾಂಟಂ ಮಟ್ಟ ಮುಟ್ಟುತ್ತದೆ. ಅಲ್ಲಿಂದ ಕೊನೆಗೆ ಉಳಿದಿರುವ ಹೊತ್ತು ಹತ್ತಿರ ಹತ್ತಿರ ಪ್ಲಾಂಕ್ ಕಾಲದಷ್ಟು, ಅಂದರೆ ಒಂದು ಸೆಕೆಂಡಿನ 10ರ 43ನೇ ಘಾತದಲ್ಲಿ ಒಂದು ಪಾಲಿನಷ್ಟು. ಕುಳಿ ಕೋಟಿ ಪಟ್ಟು ದೊಡ್ಡದಾಗಿದ್ದರೂ ಈ ಕೊನೆಯ ಹೊತ್ತು ಅಷ್ಟೇ. ಮಹಾಸ್ಫೋಟದ ಕಡೆಯಿಂದ ನೋಡಿದರೂ ಸಿದ್ಧಾಂತ ಕೈಬಿಡುವುದು ಮೊದಲ ಅಷ್ಟೇ ಹೊತ್ತಿನಲ್ಲಿ. ಆ ತುಣುಕಿನಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಹಲವು ಪ್ರಸ್ತಾಪಗಳಿವೆ. ಅಭಯ್ ಅಷ್ಟೇಕರ್ ಮತ್ತು ಸಂಗಡಿಗರ ಲೆಕ್ಕದಲ್ಲಿ ದೇಶಕಾಲವೇ ಅಣು ಅಣುವಾಗಿರುವುದರಿಂದ ಸಾಂದ್ರತೆ ಒಂದು ಮಿತಿ ಮುಟ್ಟಿ, ವಿಶ್ವ ಪುಟಿದು ಹಿಂದಿರುಗುತ್ತದೆ, ಆಚೆ ಬದಿಯಲ್ಲಿ ಕುಗ್ಗುತ್ತಿದ್ದ ಇನ್ನೊಂದು ವಿಶ್ವ ಇರುತ್ತದೆ. ಪ್ರಯೋಗದ ಸಾಕ್ಷಿ ಇದಕ್ಕೂ ಇಲ್ಲ, ಬೇರೆ ಯಾವ ಪ್ರಸ್ತಾಪಕ್ಕೂ ಇಲ್ಲ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಒಳಗೆ ಬಿದ್ದವರಿಗೆ ಸಿಂಗ್ಯುಲಾರಿಟಿ ಹೇಗೆ ಕಾಣಿಸುತ್ತೆ?"

ಕಾಣಿಸುವುದಿಲ್ಲ ಅಂದೆ. ಕಾಣಿಸಬೇಕು ಅಂದರೆ ಅಲ್ಲಿಂದ ಬೆಳಕು ಹೊರಟು ನಮ್ಮ ಕಣ್ಣಿಗೆ ಬರಬೇಕು. ಬೆಳಕು ಯಾವಾಗಲೂ ಹಿಂದಿನ ಕಾಲದಿಂದ ಬರುತ್ತದೆ. ಇದು ಇರುವುದು ಮುಂದಿನ ಕಾಲದಲ್ಲಿ. ಬೀಳುವವರಿಗೆ ಹೊರಗಿನ ನಕ್ಷತ್ರಗಳು ಕಾಣುತ್ತವೆ, ತಮಗಿಂತ ಮುಂಚೆ ಬಿದ್ದವುಗಳ ಹಳೆಯ ಬೆಳಕು ಕಾಣುತ್ತದೆ. ಸಿಂಗ್ಯುಲಾರಿಟಿ ಕೊನೆಯವರೆಗೂ ಕಾಣುವುದಿಲ್ಲ.

"ಮಹಾಸ್ಫೋಟದ್ದು ಹಿಂದಿನ ಕಾಲದಲ್ಲಿ ಇದೆಯಲ್ಲ ಸರ್, ಅದು ಕಾಣಬೇಕಲ್ವಾ?"

ಕಾಣಬೇಕು. ಯಾವ ದಿಕ್ಕಿಗೆ ನೋಡಿದರೂ ನೋಟದ ಕೊನೆಯಲ್ಲಿ ಇರುವುದು ಅದೇ. ಆದರೆ ಮೊದಲ 3,80,000 ವರ್ಷ ವಿಶ್ವ ಬಿಸಿ ಮಂಜಿನ ಹಾಗೆ ಇತ್ತು, ಬೆಳಕು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆ ಮಂಜನ್ನು ತಡೆಯಿಲ್ಲದೆ ದಾಟಿ ಬರುವುದು ಗುರುತ್ವದ ಅಲೆ. ತೀರಾ ಶುರುವಿನಲ್ಲಿ ಎದ್ದ ಅಂಥ ಅಲೆಗಳು ಆ ಹಳೆಯ ಬೆಳಕಿನಲ್ಲಿ ಒಂದು ಬಗೆಯ ಸುರುಳಿ ಗುರುತು ಬಿಟ್ಟಿರಬೇಕು. ಅದಕ್ಕಾಗಿ ದಕ್ಷಿಣ ಧ್ರುವದಲ್ಲಿ, ಚಿಲಿಯ ಎತ್ತರದ ಮರುಭೂಮಿಯಲ್ಲಿ ದೂರದರ್ಶಕಗಳು ಹುಡುಕುತ್ತಿವೆ. ಇನ್ನೂ ಸಿಕ್ಕಿಲ್ಲ.